ಡಾಲರ್ ಗುರುತು ಕಾಣದ ಮಧ್ಯಾಹ್ನ

ಕಾಯುವುದರಲ್ಲಿ ನಾನು ಬಹಳ ಶಿಸ್ತಿನವನು. ಬಾಗಿಲು ತೆರೆದೇ ಇದ್ದರೂ ಒಳಗಿನಿಂದ "ಬರ್ರಿ" ಅನ್ನುವವರೆಗೆ ಹೊಸಲು ದಾಟುವವನಲ್ಲ. ಎಂಬತ್ತರ ದಶಕದ ಕೊನೆಗೆ ಬಳ್ಳಾರಿ ಕಂಟೋನ್ಮೆಂಟಿನ ನಮ್ಮ ಕಚೇರಿಗೆ ಕಂಪ್ಯೂಟರ್ ಬಂದಾಗ ಈ ಸದ್ಗುಣವನ್ನು ಅದಕ್ಕೂ ಕಲಿಸಹೋಗಿ ಫಜೀತಿಪಟ್ಟೆ.

ಊರೂರಿನ ಬೀಜ ಹಂಚಿಕೆಯ ಪಟ್ಟಿಯನ್ನು ಆ ಯಂತ್ರದಿಂದ ತೆಗೆಯುವ ಕೆಲಸ ಟೈಪಿಸ್ಟ್ ಗಂಗಮ್ಮನವರದು. ಕುರುಗೋಡಿನವರು. ಪರದೆಯ ಮೇಲೆ ಡಾಲರ್ ಗುರುತು ಮೂಡಿದರೆ ಯಂತ್ರ "ಮುಂದೇನು?" ಎಂದು ಕೇಳಿದ ಹಾಗೆ. ಆಗ ಒಂದು ಊರಿನ ಆಜ್ಞೆ ಟೈಪು ಮಾಡಬೇಕು. ಪಟ್ಟಿ ಅಚ್ಚಾಗಿ ಗುರುತು ಮತ್ತೆ ಮೂಡಿದ ಮೇಲೆ ಇನ್ನೊಂದು ಊರು. ಸಂಜೆಯವರೆಗೆ ಕುರ್ಚಿ ಬಿಟ್ಟು ಕದಲುವಂತಿಲ್ಲ.

ಒಂದು ಗುರುವಾರ ಸಿರುಗುಪ್ಪದಿಂದ ಸುದ್ದಿ ಬಂತು: ಗಂಗಮ್ಮನವರ ಮಗಳಿಗೆ ಹೆರಿಗೆಯಾಗಿದೆ, ಗಂಡುಮಗು, ಬಾಣಂತಿಗೆ ಮಾತ್ರ ಜ್ವರ ಬಿಟ್ಟಿಲ್ಲ. ಪಟ್ಟಿಗಳೋ ಅಂದೇ ಮುಗಿಯಬೇಕು.

"ಮೂರೂವರೆ ಬಸ್ಸಿಗೆ ನೀವು ಹೋಗ್ರಿ. ನಿಮ್ಮ ಬದಲಿ ಉತ್ತರ ಕೊಡಾಕ ಒಂದು ಪ್ರೋಗ್ರಾಂ ಬರೀತೀನಿ" ಎಂದೆ.

"ಅದು ನಡಿಯೋದು ಕಣ್ಣಾರೆ ನೋಡಿ ಹೋಗ್ತೀನ್ರಿ" ಎಂದರು ಅವರು.

ಬರೆದೆ. ಮೊದಲ ಆಜ್ಞೆ ಕೊಡು, ಆಮೇಲೆ ಡಾಲರ್ ಕಂಡರೆ ಮುಂದಿನದು ಕೊಡು, ಕಾಣದಿದ್ದರೆ ಕಾಯಿ. ಮೊದಲನೆಯದು, ಸಿರಿಗೇರಿಯ ಪಟ್ಟಿ, ಅಚ್ಚಾಯಿತು. ಆಮೇಲೆ ಗಪ್‌ಚುಪ್. ಗಂಟೆ ಎರಡಾಯಿತು, ಎರಡೂವರೆಯಾಯಿತು. ಇಟ್ಟಿಗೆಯಂಥ ಕೈಪಿಡಿ ತಿರುವಿಹಾಕಿದಾಗ ಗೊತ್ತಾಯಿತು: ಎದುರಿಗೆ ಮನುಷ್ಯ ಕೂತಿದ್ದರಷ್ಟೇ ಯಂತ್ರ ಆ ಗುರುತು ತೋರಿಸುತ್ತದೆ, ಆಜ್ಞೆ ಕೊಡುವುದು ಇನ್ನೊಂದು ಪ್ರೋಗ್ರಾಂ ಆದರೆ ತೋರಿಸುವ ಗೋಜಿಗೇ ಹೋಗುವುದಿಲ್ಲ. ಕಾಯದೆ ಎಲ್ಲವನ್ನೂ ಒಟ್ಟಿಗೆ ಕೊಟ್ಟರೆ ಒಂದೂರಿನ ಹೆಸರುಗಳು ಇನ್ನೊಂದೂರಿಗೆ ಬೆರೆಯುತ್ತಿದ್ದವು.

ಗಂಗಮ್ಮನವರು ಚೀಲ ಹಿಡಿದು ನಿಂತೇ ಇದ್ದರು. "ಅದು ಕೇಳದಿದ್ರ ಬಿಡ್ರಿ. ಕೆಲಸ ಹಚ್ಚುವಾಗ್ಲೇ, ಮುಗಿದ ಮ್ಯಾಲೆ 'ಆತು' ಅನ್ನು ಅಂತ ಹೇಳಿಬಿಡ್ರಿ. ನಮ್ಮತ್ತಿ ನಮಗ ಹಂಗ ಹೇಳ್ತಿದ್ಲು."

ಪ್ರತಿ ಆಜ್ಞೆಯ ಬಾಲಕ್ಕೆ, 'ಆತು' ಎಂದು ಬರೆಯುವ ಇನ್ನೊಂದು ಆಜ್ಞೆ ಕಟ್ಟಿದೆ. ಡಾಲರಿನ ಆಸೆ ಬಿಟ್ಟು ಆ ಮಾತಿಗೆ ಕಾಯುವಂತೆ ಪ್ರೋಗ್ರಾಂ ತಿದ್ದಿದೆ. ಇಂಗ್ಲಿಷ್ ಅಕ್ಷರಗಳಲ್ಲೇ ಯಂತ್ರ ಬಳ್ಳಾರಿಯ ಮಾತಾಡಿತು. ಎರಡನೆಯ ಪಟ್ಟಿ ಬಂತು, ಮೂರನೆಯದೂ ಬಂತು. ಗಂಗಮ್ಮನವರು ಬಸ್‌ಸ್ಟ್ಯಾಂಡಿಗೆ ಓಡಿದರು.

ಮಗಳ ಜ್ವರ ಇಳಿಯಿತೆಂದು ಮರುದಿನ ಬಸ್ಸಿನ ಕಂಡಕ್ಟರ್ ಕೈಯಲ್ಲಿ ಹೇಳಿಕಳಿಸಿದರು. ಅದೇ ಹೊತ್ತಿಗೆ ಸಾಹೇಬರು ಬಂದು ಪಟ್ಟಿಗಳನ್ನೂ ಪ್ರೋಗ್ರಾಮನ್ನೂ ನೋಡಿ ಹುಬ್ಬೇರಿಸಿದರು. "ಭಾಳ ಛಲೋ ಐತಲ್ರೀ. ಯಾವ ಪುಸ್ತಕದಾಗ ಸಿಕ್ತು ಇದು?"

'ನಾನೇ ಕಂಡುಹಿಡಿದೆ' ಎಂಬ ಮಾತು ನಾಲಿಗೆಯ ತುದಿಗೇ ಬಂದಿತ್ತು. ನುಂಗಿಕೊಂಡೆ.

"ಪುಸ್ತಕ ಅಲ್ರೀ ಸರ್. ಮೊಮ್ಮಗನ್ನ ನೋಡಾಕ ಸಿರುಗುಪ್ಪಕ್ಕ ಹೋಗ್ಯಾರ. ಸೋಮವಾರ ಬರ್ತಾರ."