ಅಗ್ರಹಾರದ ಎರಡು ಬಾಗಿಲ ಕಾರು

ಪರಮಾನಂದನ ಕೆಲಸ ಹೋದದ್ದು ಕುಡಿದಿದ್ದಕ್ಕಲ್ಲ, ಜಗಳವಾಡಿದ್ದಕ್ಕಲ್ಲ. ಒಂದು ಹಳೇ ಕಾರನ್ನು ನಿಂತು ನೋಡಿದ್ದಕ್ಕೆ.

ಮುದ್ದೇಬಿಹಾಳದ ಕಡೆಯ ಅವನು ವೈಟ್‌ಫೀಲ್ಡಿನಲ್ಲಿ ಕಂಪನಿ ಕ್ಯಾಬ್ ಓಡಿಸುತ್ತಿದ್ದ. ರದ್ದಿ ಅಂಗಡಿಯಿಂದ ಕಾರಿನ ಪತ್ರಿಕೆಗಳನ್ನು ತಂದು, ಇಂಗ್ಲಿಷ್ ಬಾರದಿದ್ದರೂ ಚಿತ್ರ ನೋಡಿ ನೋಡಿ, ದೂರದಿಂದ ಹಿಂದಿನ ದೀಪ ಕಂಡರೆ ಸಾಕು, ಕಾರಿನ ಕುಲಗೋತ್ರ ಹೇಳುತ್ತಿದ್ದ. ಕೇಳುವವರು ಮಾತ್ರ ಯಾರೂ ಇರಲಿಲ್ಲ.

೨೦೧೧ರ ಒಂದು ಬೆಳಿಗ್ಗೆ ಪಟ್ಟಂದೂರು ಅಗ್ರಹಾರದ ಇಕ್ಕಟ್ಟು ರಸ್ತೆಯಲ್ಲಿ ಉದ್ದ ಮೂತಿಯ, ಎರಡೇ ಬಾಗಿಲಿನ ಕಾರೊಂದು ಎದುರಿಗೆ ಬಂತು. ಬಣ್ಣ ಮಾಸಿತ್ತು. ಮೂತಿಯ ಮೇಲೆ ರೆಕ್ಕೆಯ ಸಿಂಹ. ಪರಮಾನಂದ ನಡುರಸ್ತೆಯಲ್ಲೇ ಕ್ಯಾಬ್ ನಿಲ್ಲಿಸಿ ಇಳಿದುಬಿಟ್ಟ.

“ಅಣ್ಣ, ಎಲ್ಲಿಗೆ ಹೊರಟ್ರಿ? ನಂಗೆ ಒಂಬತ್ತೂವರೆಗೆ ಮೀಟಿಂಗ್ ಇದೆ!” ಎಂದು ಕ್ಯಾಬಿನೊಳಗಿಂದ ಆಫೀಸಿಗೆ ಹೊರಟಿದ್ದ ದಿವ್ಯಾ ಕೂಗಿದ್ದು ಅವನಿಗೆ ಕೇಳಿಸಲಿಲ್ಲ.

ಆ ಕಾರು ಓಡಿಸುತ್ತಿದ್ದವನು ಬೈರಪ್ಪ. ಹಿಂದೆ ಆ ಊರಿನ ರೈತ, ಈಗ ಹದಿನಾರು ಬಾಡಿಗೆ ಮನೆಗಳ ಮಾಲೀಕ, ಹಸು ಸಾಕುವುದನ್ನು ಮಾತ್ರ ಬಿಟ್ಟಿರಲಿಲ್ಲ. “ಏನಯ್ಯಾ, ಅಂಗ್ಯಾಕೆ ನೋಡ್ತೀಯಾ?”

“ಸಾವ್ಕಾರ್ರ, ಇದು ಟೊಯೋಟಾ ಸೋರರ್ ಐತ್ರಿ! ಜಪಾನಿನ್ಯಾಗ ದೊಡ್ಡ ಮಂದಿ ಓಡಸೂದು. ನಾ ಫೋಟೋದಾಗಷ್ಟ ನೋಡಿದ್ದೆ.”

“ಔದಾ? ನಮ್ ಮೇಲಿನ ಮನೇಲಿದ್ದ ಜಪಾನಿನವನು ಊರಿಗೋಗುವಾಗ ಬಿಟ್ಟೋದ. ಎರಡು ಮೂಟೆ ಬೂಸಾ ಹಿಡಿಯುತ್ತೆ, ಅಷ್ಟೆಯಾ.”

ಹಿಂದಿನ ಸೀಟಿನಲ್ಲಿ ನಿಜಕ್ಕೂ ಬೂಸಾ ಮೂಟೆಗಳಿದ್ದವು.

ದಿವ್ಯಾ ದೂರು ಕೊಟ್ಟಳು. ಮರುದಿನವೇ ಪರಮಾನಂದನ ಕೆಲಸ ಹೋಯಿತು. ಅವನು ನೇರ ಬೈರಪ್ಪನ ಮನೆ ಬಾಗಿಲಿಗೆ ಹೋದ. ತೀರ ತಗ್ಗಾಗಿದ್ದ ಆ ಕಾರನ್ನು ಹತ್ತಿ ಇಳಿದು ಬೈರಪ್ಪನಿಗೆ ಮಂಡಿನೋವು ಹಿಡಿದಿತ್ತು. ಅವನಿಗೂ ಡ್ರೈವರ್ ಬೇಕಿತ್ತು.

ಹೀಗೆ ಕನಸಿನ ಕಾರು ಕೈಗೆ ಬಂತು. ಓಡಿದ್ದು ಮಾತ್ರ ಹಾಲಿನ ಡೈರಿಗೆ, ಬೂಸಾ ಅಂಗಡಿಗೆ, ಮತ್ತೆ ಮನೆಗೆ. ವೇಗದ ಮೀಟರಿನಲ್ಲಿ ಇಪ್ಪತ್ತೈದರ ಆಚೆಯ ಅಂಕಿಯನ್ನೇ ಅವನು ಕಾಣಲಿಲ್ಲ.

ಒಂದು ಭಾನುವಾರ ಬೈರಪ್ಪನ ತಾಯಿ, ಎಂಬತ್ತರ ಲಕ್ಷ್ಮಮ್ಮನನ್ನು ಹೊಸಕೋಟೆಯ ಮಗಳ ಮನೆಗೆ ಕರೆದೊಯ್ಯಬೇಕಾಯಿತು. ಹೆದ್ದಾರಿ ಖಾಲಿಯಿತ್ತು. ಕಾಲು ತಾನಾಗಿ ಒತ್ತಿತು. ಅರವತ್ತು, ತೊಂಬತ್ತು, ನೂರಿಪ್ಪತ್ತು. ಮುದುಕಿ ಎಲೆಯಡಿಕೆ ಚೀಲವನ್ನು ಎದೆಗೊತ್ತಿಕೊಂಡು ಕೂತಿದ್ದಳು. ಹೆದರಿರಬೇಕೆಂದು ಅವನು ವೇಗ ತಗ್ಗಿಸಿದ.

“ಯಾಕ್ಲಾ ನಿಧಾನ ಮಾಡ್ದೆ? ನಮ್ ಬೈರ ಓಡ್ಸೋದು ಕಾರಲ್ಲ, ನೇಗ್ಲು!”

ಆಮೇಲೆ ಪ್ರತಿ ಭಾನುವಾರವೂ ಲಕ್ಷ್ಮಮ್ಮನಿಗೆ ಮಗಳ ನೆನಪಾಗತೊಡಗಿತು.

ಮೂರು ವರ್ಷವಾದ ಮೇಲೆ ಬೈರಪ್ಪ ಎತ್ತರದ ಹೊಸ ಗಾಡಿ ತಂದ. “ಈ ಹಳೇದನ್ನ ನೀನೇ ಮಡಿಕ್ಕೊ, ಪುಕ್ಸಟ್ಟೆ” ಎಂದು ಬೀಗದ ಕೈ ಕೊಟ್ಟ. ಪರಮಾನಂದ ಸಂಭ್ರಮದಿಂದ ಹೆಂಡತಿ ನೀಲಾಂಬಿಕಾಳನ್ನು ಕರೆತಂದು ತೋರಿಸಿದ. ಅವಳು ಹಿಂದಿನ ಸೀಟಿಗೆ ನುಸುಳಲು ಹೋಗಿ ತಲೆ ಬಡಿಸಿಕೊಂಡಳು.

“ಮೂರು ಮಕ್ಕಳು ಎಲ್ಲಿ ಕುಂಡ್ರಬೇಕ್ರಿ? ನಮ್ಮ ಓಣ್ಯಾಗ ಸೈಕಲ್ ಹಾಯೂದಿಲ್ಲ. ಇದನ್ನೆಲ್ಲಿ ನಿಲ್ಲಸ್ತೀರಿ?”

ಸಂಜೆ ಅವನು ಕಾರನ್ನು ಕೊನೆಯ ಸಲ ಒರೆಸಿ, ಬೀಗದ ಕೈ ಹಿಂದಿರುಗಿಸಲು ಬೈರಪ್ಪನ ಮನೆಗೆ ಹೋದ.

ಬೈರಪ್ಪ ಅದನ್ನು ಕಸಿದುಕೊಂಡಂತೆ ತೆಗೆದುಕೊಂಡ. “ಬದುಕ್ಸಿದೆ ಕಣಯ್ಯಾ! ‘ನನ್ ಕಾರು ಕೊಡಾಕೆ ನೀನ್ಯಾವನ್ಲಾ’ ಅಂತ ಅವ್ವ ಬೆಳಗ್ಗಿಂದ ಊಟ ಬಿಟ್ಟು ಕುಂತವ್ಳೆ. ಒಳಕ್ಕೋಗಿ, ಭಾನುವಾರಕ್ಕೆ ಕಾರು ಐತೆ ಅಂತ ನೀನೇ ಹೇಳು.”

ಪರಮಾನಂದ ಚಪ್ಪಲಿ ಕಳಚಿ ಒಳಗೆ ಹೋದ.