ಬಿಡಿ ಅಂದರೂ ಬಿಡದ ಮಾವ

ವರ್ಷಗಟ್ಟಲೆ ನಿಲ್ಲದೆ ಓಡಿದ ಯಂತ್ರವನ್ನು ಬಿಚ್ಚಿದಾಗ ಒಂದು ವಾಸನೆ ಬರುತ್ತದೆ. ಕಾದ ಧೂಳು, ಹಳೇ ವೈರಿನ ಪ್ಲಾಸ್ಟಿಕ್ಕು. ಹೋದ ತಿಂಗಳು ಮಾಗಡಿಯ ಒಂದು ಕಚೇರಿಗೆ ಹಳೆಯ ನೆಟ್‌ವರ್ಕ್ ಯಂತ್ರವೊಂದನ್ನು ಬಿಚ್ಚಿ ಕೆಳಗಿಳಿಸಿಕೊಡಲು ಹೋಗಿದ್ದೆ. ಅದರ ಫ್ಯಾನು ಬಿಚ್ಚಿದರೆ ಆ ವಾಸನೆಯ ಜೊತೆ ಊದುಬತ್ತಿಯ ವಾಸನೆಯೂ ಬಂತು. ಪಕ್ಕದ ಗೋಡೆಯ ಮೇಲೆ ದೇವರ ಪಟವಿತ್ತು. ದಿನವೂ ಯಾರೋ ಹಚ್ಚುತ್ತಿದ್ದಿರಬೇಕು. ಸ್ಕ್ರೂಡ್ರೈವರ್ ಹಿಡಿದ ಕೈ ಅಲ್ಲೇ ನಿಂತಿತು. ಮಾವ ನೆನಪಾದರು. ನೆನಪಾದ ಕೂಡಲೇ ಸಿಟ್ಟೂ ಬಂತು...

ಮಾವ ಅಂದರೆ ನನ್ನ ಹೆಂಡತಿಯ ತಂದೆ. ಹುಟ್ಟಿದ್ದು ಕಬ್ಬಾಳಿನಲ್ಲಿ, ಬದುಕು ಕಟ್ಟಿಕೊಂಡಿದ್ದು ಕನಕಪುರದ ಪೇಟೆಬೀದಿಯಲ್ಲಿ. ಮೊದಲು ಮನೆಮನೆಗೆ ಕೇಬಲ್ ಟಿವಿ ಎಳೆದರು, ಆಮೇಲೆ ಇಂಟರ್ನೆಟ್ ಕೊಟ್ಟರು. ನಾನು ಅಕ್ಕೂರಿನವನು, ಡಿಪ್ಲೊಮಾ ಓದಿದವನು. ಮದುವೆಯಾದ ಮೇಲೆ ಅವರ ಜೊತೆಯೇ ಕೆಲಸಕ್ಕೆ ನಿಂತೆ. ಒಂದು ಹಳೇ ಕಟ್ಟಡದ ಮಹಡಿಯ ಮೇಲೆ ನಮ್ಮ ಕಂಟ್ರೋಲ್ ರೂಮು. ಅಲ್ಲೊಂದು ಕಬ್ಬಿಣದ ರ‍್ಯಾಕು, ರ‍್ಯಾಕಿನಲ್ಲಿ ಗೋದ್ರೇಜ್ ಬೀರುವಿನ ಅರ್ಧದಷ್ಟಿದ್ದ ದೊಡ್ಡ ಯಂತ್ರ. ಊರಿನ ಇಂಟರ್ನೆಟ್ಟೆಲ್ಲ ಅದರ ಮೂಲಕವೇ ಹಾಯಬೇಕು. ಮಾವ ಬೆಳಿಗ್ಗೆ ಸ್ನಾನ ಮಾಡಿ ವಿಭೂತಿ ಧರಿಸಿ ಬಂದವರೇ ಮೊದಲು ಅದಕ್ಕೆ ಊದುಬತ್ತಿ ಬೆಳಗುತ್ತಿದ್ದರು. ಹೊಗೆಯನ್ನೆಲ್ಲ ಫ್ಯಾನು ಒಳಗೆಳೆದುಕೊಳ್ಳುತ್ತದೆ, ಬೇಡಿ ಮಾವ ಎಂದು ಎಷ್ಟು ಸಲ ಹೇಳಿದ್ದೆನೋ.

"ನೀವೇಳೋದು ಸರಿ ಅಳಿಯಂದ್ರೆ," ಎನ್ನುತ್ತಿದ್ದರು. ಮರುದಿನ ಮತ್ತೆ ಊದುಬತ್ತಿ.

ಅವರ ಜೊತೆ ಇದೇ ಕಷ್ಟ. ಒಂದು ದಿನವೂ ನನಗೆ ಏಕವಚನ ಬಳಸಿದವರಲ್ಲ, ದನಿ ಎತ್ತಿದವರಲ್ಲ. ಎಲ್ಲಕ್ಕೂ ಹೂಂ ಎಂದು, ಕೊನೆಗೆ ತಮಗೆ ತೋಚಿದ್ದನ್ನೇ ಮಾಡುತ್ತಿದ್ದರು. ಅಂಥವರ ಜೊತೆ ಜಗಳವಾಡುವುದಾದರೂ ಹೇಗೆ?

ರಸ್ತೆ ಅಗಲ ಮಾಡುವುದಕ್ಕೆ ಆ ಕಟ್ಟಡದ ಮುಂಭಾಗ ಒಡೆಯುತ್ತಾರೆಂದು ಗೊತ್ತಾದಾಗ ನಾವು ಎರಡು ಬೀದಿ ಆಚೆ ಬೇರೆ ಮಹಡಿ ಹಿಡಿದು, ಹೊಸ ಯಂತ್ರ ತರಿಸಿ ಕೂರಿಸಿದೆವು. ಪೇಟೆಯ ಲೈನುಗಳನ್ನೆಲ್ಲ ಒಂದೊಂದಾಗಿ ಅದಕ್ಕೆ ಬದಲಾಯಿಸಿದೆ. ಉಳಿದಿದ್ದು ಕಬ್ಬಾಳಿನ ಕಡೆಗೆ ಹೋಗುವ ಲೈನು ಒಂದೇ. ಅದನ್ನು ಬದಲಾಯಿಸಬೇಕಾದರೆ ಹಳೇ ಯಂತ್ರ ಆರಿಸಬೇಕು. ಅರ್ಧ ದಿನ ಆ ಕಡೆ ಇಂಟರ್ನೆಟ್ ಇರುವುದಿಲ್ಲ. ಅಷ್ಟೇ.

ಅಷ್ಟಕ್ಕೆ ಮಾವ ಒಪ್ಪಲಿಲ್ಲ. ಒಂದು ದಿನ ಯಾರದೋ ಮದುವೆಯ ನೇರಪ್ರಸಾರವಿದೆ ಎಂದರು. ಇನ್ನೊಂದು ದಿನ ಪಿಯುಸಿ ಫಲಿತಾಂಶ. ಆಮೇಲೆ ಕ್ರಿಕೆಟ್ಟು. ಕ್ರಿಕೆಟ್ ಮುಗಿಯಿತೆಂದರೆ ಅಮಾವಾಸ್ಯೆ. "ಇವತ್ತೊಂದಿನ ಬ್ಯಾಡ ಅಳಿಯಂದ್ರೆ. ನಾಳೀಕೆ ನಾನೇ ಆರಿಸ್ಕೊಡ್ತೀನಿ." ಕಟ್ಟಡದ ಮಾಲೀಕರು ನನಗೆ ಫೋನ್ ಮಾಡಿ ಬೈಯುವರು, ನಾನು ಮನೆಗೆ ಬಂದು ಹೆಂಡತಿಯ ಮೇಲೆ ರೇಗುವೆ. ಅವಳು, "ಅಪ್ಪನ್ನ ನೀವೇ ಕೇಳಿ," ಎಂದು ಒಳಗೆ ಹೋಗುವಳು.

ಒಂದು ಬೆಳಿಗ್ಗೆ ಜೆಸಿಬಿ ಬಂದೇಬಿಟ್ಟಿತು. ಕೆಳಗೆ ಗೋಡೆ ಬೀಳುವ ಸದ್ದು ಕೇಳಿದ ಮೇಲೆ ಮಾವ ಊದುಬತ್ತಿ ಹಚ್ಚಿ ಕೈಮುಗಿದು, "ಶುರು ಮಾಡಿ," ಎಂದರು. ಅಷ್ಟು ದಿನ ತಳ್ಳಿದವರಿಗೆ ಈಗ ಒಂದು ನಿಮಿಷವೂ ತಡೆಯುವ ಹಾಗಿಲ್ಲ. ಮೊದಲು ಕಂಪ್ಯೂಟರಿನಿಂದ ಆಜ್ಞೆ ಕೊಟ್ಟು ಯಂತ್ರವನ್ನು ನಿಲ್ಲಿಸಬೇಕು, ಆಮೇಲೆ ಕರೆಂಟು ತೆಗೆಯಬೇಕು ಎಂದು ನಾನು ಹೇಳುತ್ತಿರುವಾಗಲೇ ಹಿಂದೆ ಹೋಗಿ ಪ್ಲಗ್ ಎಳೆದರು. ದೀಪಗಳು ಹಾಗೇ ಮಿನುಗುತ್ತಿದ್ದವು.

"ನೋಡುದ್ರಾ, ಇದು ಆರಲ್ಲ," ಎಂದರು. ಮುಖದಲ್ಲಿ ಹೆಮ್ಮೆ.

"ಇನ್ನೊಂದು ಪ್ಲಗ್ ಇದೆ ಮಾವ. ಒಂದು ಹೋದರೆ ಇನ್ನೊಂದು ಕರೆಂಟು ಕೊಡುತ್ತೆ. ದಯವಿಟ್ಟು ಏನೂ ಮುಟ್ಟಬೇಡಿ."

ಸರಿಯಾಗಿ ನಿಲ್ಲಿಸಿ, ಎರಡನೇ ಪ್ಲಗ್ ಕಿತ್ತು, ಯುಪಿಎಸ್ ಆರಿಸಿ ಬ್ಯಾಟರಿಯ ವೈರು ಬೇರೆ ಮಾಡಿದೆ. ಫ್ಯಾನುಗಳು ನಿಧಾನವಾಗಿ ನಿಂತವು. ಆ ಕೋಣೆಯಲ್ಲಿ ಅಂಥ ನಿಶ್ಶಬ್ದ ನಾನು ಕೇಳಿರಲಿಲ್ಲ. ಮಾವ ಯಂತ್ರದ ಮೇಲೆ ಅಂಗೈ ಇಟ್ಟು ನಿಂತರು. ಬೆಚ್ಚಗಿತ್ತೇನೋ... ಅಷ್ಟರಲ್ಲಿ ಅವರ ಫೋನು ಹೊಡೆದುಕೊಳ್ಳತೊಡಗಿತು. "ಒಸಿ ತಡ್ಕೊಳಪ್ಪ, ಮಧ್ಯಾನ್ನುಕ್ಕೆ ಬತ್ತದೆ," ಎಂದು ಕಬ್ಬಾಳಿನ ಒಬ್ಬೊಬ್ಬರಿಗೂ ಹೇಳಿದರು.

ಎತ್ತಲಿಕ್ಕೆಂದು ಅವರು ಕರೆಸಿದ್ದು ಕಲ್ಲುಕ್ವಾರಿಯ ಮೇಸ್ತ್ರಿಯನ್ನು. ಅವರ ಬಾಲ್ಯದ ಗೆಳೆಯ, ಬಂಡೆ ಉರುಳಿಸಿ ಗಟ್ಟಿಯಾದ ಮೈ. ನಾನು ಯಂತ್ರದೊಳಗಿನ ಸರ್ಕ್ಯೂಟ್ ಕಾರ್ಡುಗಳನ್ನು ಒಂದೊಂದಾಗಿ ಎಳೆದು ಚೀಲಕ್ಕೆ ತುಂಬುತ್ತಿದ್ದರೆ ಆತ, "ಬುಡಪ್ಪ, ಹಂಗೇ ಎತ್ತುಮ. ಇದೇನ್ ಮಹಾ ಭಾರ," ಎಂದ. ಮಾವನೂ ತಲೆಯಾಡಿಸಿದರು. ನಾನು ಕಿವಿಗೆ ಹಾಕಿಕೊಳ್ಳಲಿಲ್ಲ. ತೆಗೆಯುವುದನ್ನೆಲ್ಲ ತೆಗೆದು ಹಗುರ ಮಾಡಿ, ಕೆಳಗೆ ಇಟ್ಟಿಗೆ ಜೋಡಿಸಿ ಹಲಗೆ ಕೊಟ್ಟು, ಆಮೇಲೆ ಸ್ಕ್ರೂ ಬಿಚ್ಚಿದೆ. ಯಂತ್ರ ಹಲಗೆಯ ಮೇಲೆ ಮೆತ್ತಗೆ ಕೂತಿತು. ಕಷ್ಟದ್ದು ಮುಗಿಯಿತು ಅಂದುಕೊಂಡೆ.

ಉಳಿದದ್ದು ಮೆಟ್ಟಿಲು. ಕಿರಿದಾದ ಮೆಟ್ಟಿಲು, ಮಧ್ಯೆ ಒಂದು ತಿರುವು. ಎಲ್ಲ ತೆಗೆದ ಮೇಲೂ ಬರೀ ಪೆಟ್ಟಿಗೆಯೇ ಇಬ್ಬರು ಏದುಸಿರು ಬಿಡುವಷ್ಟು ತೂಕವಿತ್ತು. ಕೆಳಗಡೆ ಮೇಸ್ತ್ರಿ, ಮೇಲುಗಡೆ ನಾನು. ಮಾವನಿಗೆ, "ನಾವು ಇಳಿಯುವ ತನಕ ನೀವು ಇಲ್ಲೇ ಇರಿ," ಎಂದೆ. "ಆಯ್ತು ಅಳಿಯಂದ್ರೆ," ಎಂದರು. ಎಂದವರು, ನಾವು ಪೆಟ್ಟಿಗೆಗೆ ಹಗ್ಗ ಕಟ್ಟುತ್ತಿರುವಾಗ ಕಾರ್ಡಿನ ಚೀಲ ಹೆಗಲಿಗೆ ಹಾಕಿಕೊಂಡು ಮುಂದಾಗಿ ಇಳಿದುಹೋಗಿದ್ದರು. ತಿರುವಿಗೆ ಬಂದಾಗಲೇ ಅವರು ಅಲ್ಲಿ ನಿಂತಿದ್ದು ನನಗೆ ಕಂಡದ್ದು. ಅದೇ ಹೊತ್ತಿಗೆ ಒಡೆದ ಗೋಡೆಯ ಪುಡಿ ಮೆತ್ತಿದ್ದ ಮೆಟ್ಟಿಲ ಮೇಲೆ ಮೇಸ್ತ್ರಿಯ ಕಾಲು ಜಾರಿತು.

"ಬಿಡಿ, ಹೋಗ್ಲಿ ಬಿಡಿ," ಎಂದು ಕೂಗಿದೆ.

ಮೇಸ್ತ್ರಿ ಕೈಬಿಟ್ಟು ಪಕ್ಕಕ್ಕೆ ಸರಿದ. ಹಗ್ಗ ನನ್ನ ಅಂಗೈ ಸುಲಿದುಕೊಂಡು ಹೋಯಿತು. ಮಾವ ಸರಿಯಬಹುದಿತ್ತು, ಪಕ್ಕದಲ್ಲಿ ಜಾಗವಿತ್ತು. ಅವರು ಸರಿಯಲಿಲ್ಲ. ಎರಡೂ ಕೈ ಚಾಚಿ, ಮೊಣಕಾಲು ಮುಂದೆ ಕೊಟ್ಟು ತಡೆದರು. ಪೆಟ್ಟಿಗೆ ಅವರ ಕಾಲನ್ನು ಗೋಡೆಗೆ ಒತ್ತಿಕೊಂಡು ನಿಂತಿತು.

ರಾಮನಗರದ ಆಸ್ಪತ್ರೆಯಲ್ಲಿ ಡಾಕ್ಟರು, ಮೊಣಕಾಲಿನ ಚಿಪ್ಪು ಪುಡಿಯಾಗಿದೆ ಎಂದರು. ಸ್ಟ್ರೆಚರಿನ ಮೇಲೆ ಮಲಗಿದ್ದ ಮಾವ ನನ್ನನ್ನು ಕೇಳಿದ ಮೊದಲ ಮಾತು, "ಅದುಕ್ಕೇನೂ ಆಗ್ಲಿಲ್ವಾ?"

ಅದುವರೆಗೆ ತಡೆದುಕೊಂಡದ್ದರಲ್ಲಿ ಅರ್ಧ ಬಾಯಿಗೆ ಬಂತು. "ಅದು ಗುಜರಿಗೆ ಹೋಗೋ ಮಾಲು ಮಾವ. ಹೊಸದು ಬಂದು ಕೂತಿದೆ. ಬಿಡಿ ಅಂದೆನಲ್ಲ, ಕೇಳಿಸಲಿಲ್ಲವಾ?"

"ಕೇಳುಸ್ತು."

"ಮತ್ತೆ?"

"ಬೀಳ್ತಿರೋದ ನೋಡ್ಕಂಡು ಹೆಂಗ್ ನಿಂತ್ಕಳದು ಹೇಳಿ," ಎಂದರು. ಆಮೇಲೆ ತಾವೇ, "ನೀವಿಲ್ಲಿ ಕೂತ್ಕಂಡು ಏನ್ ಮಾಡ್ತೀರಿ? ಮಧ್ಯಾನ್ನುಕ್ಕೆ ಅಂತ ಹೇಳ್ಬುಟ್ಟಿವ್ನಿ. ಹೋಗಿ ಕಬ್ಬಾಳು ಲೈನ್ ಕೊಡಿ," ಎಂದರು.

ಅತ್ತೆಯನ್ನೂ ಹೆಂಡತಿಯನ್ನೂ ಅವರ ಹತ್ತಿರ ಕೂರಿಸಿ ಕನಕಪುರಕ್ಕೆ ವಾಪಸು ಬಂದೆ. ಸುಲಿದ ಅಂಗೈಗೆ ಬಟ್ಟೆ ಸುತ್ತಿಕೊಂಡು ಕೇಬಲ್ಲಿನೊಳಗಿನ ಕೂದಲೆಳೆಯಂಥ ಗಾಜಿನ ಎಳೆಗಳನ್ನು ಜೋಡಿಸುತ್ತಾ ಕೂತೆ. ಅವರನ್ನು ಬೈದುಕೊಳ್ಳುತ್ತಲೇ ಇದ್ದೆ. ಕಬ್ಬಾಳಿಗೆ ಲೈನ್ ಬಂದಾಗ ಸಂಜೆಯಾಗಿತ್ತು. ಬಂದಿತೆಂದು ಫೋನ್ ಮಾಡಿ ಹೇಳಿದ ಮೇಲೆಯೇ ಅವರು ಆಪರೇಷನ್ನಿಗೆ ಒಪ್ಪಿದ್ದೆಂದು ಅತ್ತೆ ಆಮೇಲೆ ಹೇಳಿದರು.

ಆ ಕಾಲು ಮತ್ತೆ ಮಡಿಸಲಿಕ್ಕೆ ಬರಲಿಲ್ಲ. ಹೊಸ ಕಂಟ್ರೋಲ್ ರೂಮಿನ ಮೆಟ್ಟಿಲು ಅವರು ಒಂದು ಸಲವೂ ಹತ್ತಲಿಲ್ಲ. ಕೆಳಗಿನ ಟೀ ಅಂಗಡಿಯ ಬೆಂಚಿನಲ್ಲಿ ಕಾಲು ಚಾಚಿ ಕೂತು, ಮೇಲಿದ್ದ ನನಗೆ ಫೋನ್ ಮಾಡಿ, "ಲೈಟೆಲ್ಲಾ ಉರಿತಾ ಅವಾ ಅಳಿಯಂದ್ರೆ?" ಎಂದು ಕೇಳುತ್ತಿದ್ದರು. ಉರಿಯುತ್ತಿವೆ ಎಂದರೆ ಸಮಾಧಾನ. ನಾನು ಮಾತ್ರ ಆ ಬೆಂಚಿನ ಕಡೆ ನೋಡದೆ ಮೆಟ್ಟಿಲು ಹತ್ತುತ್ತಿದ್ದೆ. ಹಳೇ ಪೆಟ್ಟಿಗೆಯನ್ನು ಗುಜರಿಗೆ ಹಾಕಲು ಮಾವ ಬಿಡಲಿಲ್ಲ. ನಡುಮನೆಯಲ್ಲಿಟ್ಟು ಬೆಡ್‌ಶೀಟ್ ಹೊದಿಸಿದ್ದರು. ಕೆಲವು ವರ್ಷ ಹಾಗೇ ಕಳೆದು, ಒಂದು ಜ್ವರ ನೆಪವಾಗಿ ಮಾವ ತೀರಿಕೊಂಡರು. ಕಾರ್ಯವೆಲ್ಲ ಮುಗಿದ ಮೇಲೆ ಗುಜರಿಯವನನ್ನು ಕರೆದವರು ಅತ್ತೆ. "ತಕಂಡೋಗ್ಲಿ ಕಣಪ್ಪ. ಅದ ಕಂಡ್ರೆ ನಂಗೆ ಅವ್ರ್ ಮೇಲೆ ಸಿಟ್ಟು ಬತ್ತದೆ," ಎಂದರು. ನನಗೊಬ್ಬನಿಗೇ ಅಲ್ಲ ಎಂದು ಅವತ್ತು ತಿಳಿಯಿತು.

ಮಾಗಡಿಯ ಕೆಲಸ ಸಲೀಸಾಗಿ ಮುಗಿಯಿತು. ಎತ್ತಲು ಬಂದವರಿಗೆ ಮೊದಲೇ ಹೇಳಿದೆ, ಕೈ ಜಾರಿದರೆ ಬಿಟ್ಟು ಹಿಂದೆ ಸರಿಯಿರಿ, ಯಾರೂ ಹಿಡಿಯಲು ಹೋಗಬೇಡಿ ಎಂದು. "ಸರಿ ಸಾರ್," ಎಂದರು. ಯಾರೂ ಎದುರಾಡಲಿಲ್ಲ, ಯಾರೂ ಪ್ಲಗ್ ಎಳೆಯಲಿಲ್ಲ, ಯಾವುದೂ ಜಾರಲಿಲ್ಲ. ಊಟದ ಹೊತ್ತಿಗೆ ನಾನು ಬಸ್ಸಿನಲ್ಲಿದ್ದೆ. ಕಿಟಕಿಯ ಪಕ್ಕ ಕೂತು, ಅವತ್ತು ಆಸ್ಪತ್ರೆಯಲ್ಲಿ ಹೇಳದೆ ನುಂಗಿಕೊಂಡ ಮಾತುಗಳನ್ನೆಲ್ಲ ಮನಸ್ಸಿನಲ್ಲೇ ಮಾವನಿಗೆ ಹೇಳಿದೆ. ನನ್ನ ಹೆಂಡತಿಯ ಬಗ್ಗೆ, ಅತ್ತೆಯ ಬಗ್ಗೆ ಒಂದು ಕ್ಷಣವಾದರೂ ಯೋಚಿಸಬೇಕಿತ್ತು ಎಂದೆ. ನ್ಯಾಯವೆಲ್ಲ ನನ್ನ ಕಡೆಯೇ ಇತ್ತು. ಅದನ್ನು ಕೇಳಿ ಒಪ್ಪಿಕೊಂಡು, ಮತ್ತೆ ತಮ್ಮದನ್ನೇ ಮಾಡುವ ಮಾವ ಇರಲಿಲ್ಲ.