ಹೆಸರು ಕೇಳಿದ ಬಾಗಿಲು

ಎದುರು ಮನೆಯವಳು ನಮ್ಮ ಮನೆಯ ಒಳಗೆ ಬರುವುದನ್ನು ಬಿಟ್ಟಿದ್ದಾಳೆ. ಜಗಳ ಆಗಿಲ್ಲ. ಆಗಿದ್ದರೆ ಚಲೋ ಇತ್ತು, ನಾಲ್ಕು ದಿನಕ್ಕೆ ಮುಗಿಯುತ್ತಿತ್ತು.

ನಾನು ಚಚಡಿಯಿಂದ ಬೈಲಹೊಂಗಲದ ಈ ಓಣಿಗೆ ಸೊಸೆಯಾಗಿ ಬಂದ ವರ್ಷವೇ ಅವಳೂ ರಾಮದುರ್ಗದಿಂದ ಬಂದಳು. ಅಂದಿನಿಂದ ಮಧ್ಯಾಹ್ನದ ಊಟವಾದ ಮೇಲೆ ಅವಳು ನಮ್ಮ ಮನೆಗೆ ಬರುವುದು. ಬಾಗಿಲು ಬಡಿಯುವ ಪದ್ಧತಿ ಇರಲಿಲ್ಲ. ಹೊರಗಿನಿಂದ ಕೈ ತೂರಿಸಿ ಚಿಲಕ ತೆಗೆಯುತ್ತಿದ್ದಳು. ಮೊದಲು ಬಳೆಯ ಸದ್ದು, ಆಮೇಲೆ ಚಿಲಕದ್ದು, ಆಮೇಲೆ ಅವಳ ಬಾಯಿ. "ಇನ್ನೂ ಬಿದ್ಕೊಂಡೀಯೇನ ಅಕ್ಕಾ?" ಸೀದಾ ಅಡುಗೆಮನೆಗೆ ಹೋಗಿ, ಬುಟ್ಟಿಯ ರೊಟ್ಟಿ ಮುರಿದು ಬಾಯಿಗೆ ಹಾಕಿಕೊಂಡು, "ಪಲ್ಯೆಕ್ಕ ಉಪ್ಪ ಕಡಿಮಿ ಆಗೇತಿ ನೋಡ" ಎನ್ನುತ್ತಿದ್ದಳು. ಕೇಳಿದವರು ಯಾರು?

ನನ್ನ ಗಂಡ ಪಡಸಾಲೆಯಲ್ಲಿದ್ದರೆ ಮಾತ್ರ ಮೂಗಿನ ತನಕ ಸೆರಗು ಎಳೆದುಕೊಂಡು, ಗೋಡೆ ಹಿಡಿದು ದಾಟುತ್ತಿದ್ದಳು. ಅವರು ತೀರಿಹೋದ ಮೇಲೆ ಅವರ ಫೋಟೋದ ಮುಂದೆ ಹಾಯುವಾಗಲೂ ಸೆರಗು ಸರಿಮಾಡಿಕೊಳ್ಳುತ್ತಿದ್ದಳು. ನಾನು ನಗುತ್ತಿದ್ದೆ.

ಹಿಂದಿನ ಓಣಿಯಲ್ಲಿ ಕಳವಾದ ಮೇಲೆ ಮಗ ಮುಂಬಾಗಿಲು ಬದಲಿಸಿದ. ಅವನು ಹಗಲೆಲ್ಲ ಮಾರ್ಕೆಟ್ ಯಾರ್ಡಿನ ಕಾಳಿನ ಅಂಗಡಿಯಲ್ಲಿರುತ್ತಾನೆ. ಸೊಸೆ ಕಿತ್ತೂರಿನ ಸಾಲಿಯಲ್ಲಿ ಕಲಿಸುತ್ತಾಳೆ. ಈಗ ಬಾಗಿಲಿಗೆ ಚಿಲಕವಿಲ್ಲ, ಕೀಲಿಯಿಲ್ಲ. ಹೊರಗೆ ಒಂದು ಕ್ಯಾಮೆರಾ, ಒಂದು ಗುಂಡಿ. ಒತ್ತಿದರೆ ಮಗನ ಮೊಬೈಲು ರಿಂಗಾಗುತ್ತದೆ, ಅವನು ಅಲ್ಲಿಂದಲೇ ಮಾತಾಡಿ ಬಾಗಿಲು ತೆಗೆಯುತ್ತಾನೆ. ಲೈಟು, ಫ್ಯಾನು, ನೀರಿನ ಮೋಟರು ಎಲ್ಲ ಮೊಬೈಲಿನಲ್ಲಿ. ನನಗೆಂದು ಗೋಡೆಗೆ ಮಕ್ಕಳು ಬರೆಯುವ ಪಾಟಿಯಷ್ಟು ದೊಡ್ಡ ಟ್ಯಾಬು ಹಾಕಿದ್ದಾನೆ. ಸುಳ್ಳು ಯಾಕೆ ಹೇಳಲಿ, ಅನುಕೂಲ ಇದೆ. ಟಾಕಿ ತುಂಬಿತೆಂದು ಮೊಣಕಾಲು ಹಿಡಿದುಕೊಂಡು ಓಡುವುದು ತಪ್ಪಿದೆ.

ಬಾಗಿಲು ಬದಲಿಸಿದ ವಾರ ಎದುರು ಮನೆಯವಳು ಬರಲೇ ಇಲ್ಲ. ನಾನೇ ಹೋಗಿ ಕೇಳಿದೆ.

"ಯಾಕ ಬರವಲ್ಲಿ?"

"ಬಂದಿದ್ನೆಲ್ಲಾ. ನೀ ಮಲಗಿದ್ದಿ. ಗುಂಡಿ ಒತ್ತಿದ್ನಿ, ನಿಮ್ಮ ಗ್ವಾಡಿ ಮಾತಾಡ್ತು."

"ಏನಂತು?"

"'ಯಾರ್ರಿ?' ಅಂತು. ಥೇಟ್ ನಿಮ್ಮನಿಯವರ ದನಿ. ಮೈ ಝುಮ್ ಅಂತು ನೋಡಕ್ಕಾ. ಮಾರಿ ತುಂಬ ಸೆರಗ ಎಳಕೊಂಡು ನಿಂತ್ನಿ. 'ಹೆಸರ ಹೇಳ್ರಿ, ಏನ ಬೇಕಾಗಿತ್ತು?' ಅಂತು. ಆವಾಗ ತಿಳೀತು, ಇಂವ ನಿನ್ನ ಮಗ. ನನ್ನ ಕೈಯಾಗ ತುತ್ತ ತಿಂದು ಬೆಳದಾಂವ."

"ಮಾರಿ ಮುಚ್ಚಿದ್ರ ಅವಂಗ ಗುರ್ತ ಹೆಂಗ ಸಿಗಬೇಕ?"

"ಹೆಸರ ಹೇಳಿ ಒಳಗ ಬರಾಕ ಅದೇನ ಕಚೇರಿ ಏನ?"

ಮಗನಿಗೆ ಹೇಳಿದೆ. ಅವನಿಗೂ ಕೆಟ್ಟೆನಿಸಿತು. ತಾನೇ ಹೋಗಿ, "ಚಿಗವ್ವಾ, ತಪ್ಪಾತು, ಬಾ" ಎಂದು ಕೈ ಹಿಡಿದು ಬಾಗಿಲ ತನಕ ಕರೆತಂದ. ಬೆರಳಿನ ಗುರುತು ಹಿಡಿದು ತೆರೆಯುವ ಹೊಸ ಬೀಗಕ್ಕೆ ಅವಳ ಹೆಬ್ಬೆಟ್ಟನ್ನು ತೋರಿಸಿದ. ನನ್ನದನ್ನು ಮೊದಲೇ ಒಪ್ಪಿರಲಿಲ್ಲ, ಅವಳದನ್ನೂ ಒಪ್ಪಲಿಲ್ಲ. ರೊಟ್ಟಿ ಬಡಿದು ಬಡಿದು ಇಬ್ಬರ ಬೆರಳಿನ ಗೆರೆಗಳೂ ಸವೆದಿವೆ.

"ನಂಬರ್ ಕೊಡತೇನಿ ಚಿಗವ್ವಾ, ಒತ್ತಿ ಬಾ" ಎಂದ.

"ನಂಬರ್ ಒತ್ತಾಕ ನಾ ಏನ ಎಟಿಎಮ್ಮಿಗೆ ಬಂದೇನೇನೋ ಹುಡುಗಾ?" ಎಂದು ಹೊರಟೇಹೋದಳು.

ಹಿತ್ತಲ ಬಾಗಿಲಿಗೆ ಹಳೆಯ ಚಿಲಕ ಇನ್ನೂ ಇದೆ, ಅಲ್ಲಿಂದ ಬಾ ಎಂದೆ. "ಕಳ್ಳಿ ಹಂಗ?" ಎಂದಳು. ಅದೂ ಖರೆಯೇ.

ಈಗ ದಿನಾ ಊಟವಾದ ಮೇಲೆ ಮುಂಬಾಗಿಲು ತೆರೆದು, ಮುಚ್ಚದಂತೆ ಒಳಕಲ್ಲಿನ ಗುಂಡು ಇಡುತ್ತೇನೆ. ಮಿಕ್ಸಿ ಬಂದ ಮೇಲೆ ಅದಕ್ಕೂ ಕೆಲಸ ಇರಲಿಲ್ಲ. ಬಾಗಿಲು ಮಗನ ಮೊಬೈಲಿಗೆ ಚಾಡಿ ಹೇಳುತ್ತದೆ. ಟ್ಯಾಬಿನಲ್ಲಿ ಅವನ ದನಿ ಬರುತ್ತದೆ.

"ಅವ್ವಾ, ಬಾಗಲಾ ತೆರದೈತಿ."

"ಗೊತ್ತೈತಿ. ನಾನ ತೆರದೇನಿ."

"ಹಾಕಬೇ."

"ಹಾಕಂಗಿಲ್ಲ. ನೀ ಕಾಳ ಮಾರು."

ಅವಳು ಹೇಳಿದ್ದು ಸುಳ್ಳಲ್ಲ. ಮಾರಿ ಕಾಣದೆ ಕೇಳಿದರೆ ಥೇಟ್ ಅವರಪ್ಪನ ದನಿ. ಒಮ್ಮೊಮ್ಮೆ ನಾನೂ ಬೇಕೆಂದೇ ಇನ್ನೊಂದು ಮಾತು ಬೆಳೆಸುತ್ತೇನೆ.

ಒಂದು ದಿನ ಅವಳು ಓಣಿ ದಾಟಿ ನಮ್ಮ ಕಟ್ಟೆಯ ತನಕ ಬಂದಳು. ಕ್ಯಾಮೆರಾ ನೋಡಿ ತಲೆಯ ಮೇಲೆ ಸೆರಗು ಎಳೆದುಕೊಂಡು ಅಲ್ಲೇ ಕುಳಿತಳು. ನಾನೂ ಹೋಗಿ ಕುಳಿತೆ. ಅಂದಿನಿಂದ ದಿನಾ ಬರುತ್ತಾಳೆ. ಪಲ್ಯ ನಾನೇ ಹೊರಗೆ ತಂದು ಕೊಡುತ್ತೇನೆ. ತಿನ್ನುತ್ತಾಳೆ, ಉಪ್ಪಿನ ಮಾತು ಎತ್ತುವುದಿಲ್ಲ. ಪರರ ಮನೆಯಲ್ಲಿ ತಿಂದಂತೆ ತಿನ್ನುತ್ತಾಳೆ.

ನಮ್ಮ ಬೆನ್ನ ಹಿಂದೆ ಬಾಗಿಲು ತೆರೆದೇ ಇರುತ್ತದೆ. ಅಡುಗೆಮನೆ ಅಲ್ಲಿಂದ ಕಾಣುತ್ತದೆ. ಒಳಗೆ ಬಾ ಎಂದು ನಾನು ಕರೆಯುವುದಿಲ್ಲ. ಕರೆದರೆ ಬರಬಹುದು. ಕರೆದರೆ ಬರುವವರು ನನಗೆ ಬೇಕಾದಷ್ಟು ಮಂದಿ ಇದ್ದಾರೆ.